ಒಂದು ಗುಮ್ಮ ಅಂದರೆ ಎಷ್ಟು?

ಹೆಂಡತಿಯ ಮಾತು ಅರ್ಥವಾಗುವುದಿಲ್ಲ ಎಂದು ಒಮ್ಮೆಯಾದರೂ ಹೇಳದ ಗಂಡಸು ಈ ಲೋಕದಲ್ಲಿ ಇರಲಾರ. ಆದರೆ ಹಾಗೆ ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಸುಮ್ಮನೆ ಅಲಂಕಾರಕ್ಕೆ ಹೇಳುತ್ತಾರೆ. ಅವರಿಗೆ ಮಾತು ಚೆನ್ನಾಗಿಯೇ ಅರ್ಥವಾಗಿರುತ್ತದೆ, ಒಪ್ಪಿಗೆಯಾಗಿರುವುದಿಲ್ಲ ಅಷ್ಟೆ. ನನ್ನ ಸಂಗತಿ ಹಾಗಲ್ಲ. ನನ್ನ ಹೆಂಡತಿ ಮಾತಾಡುವ ಎರಡು ಭಾಷೆಗಳಲ್ಲಿ ಒಂದು ನನಗೆ ನಿಜವಾಗಿಯೂ ಬರುವುದಿಲ್ಲ. ಅದಕ್ಕೆ ನಿಘಂಟಿಲ್ಲ, ವ್ಯಾಕರಣ ಪುಸ್ತಕವಿಲ್ಲ, ಮಾತಾಡುವವರು ಇಡೀ ಭೂಮಿಯ ಮೇಲೆ ಇಬ್ಬರೇ. ಅವರಲ್ಲಿ ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬಳು ನನ್ನ ನಾದಿನಿ. ನಾನೋ, ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕ. ಹಳೆಗನ್ನಡದ ಪದ್ಯವನ್ನು ಅನ್ವಯ ಮಾಡಿ, ಬಿಡಿಸಿ, ಹಿಂಡಿ, ಮಕ್ಕಳ ಮುಂದೆ ಒಣಹಾಕುವವನು. ಮನೆಗೆ ಬಂದರೆ ನಿರಕ್ಷರಕುಕ್ಷಿ.

ನನ್ನ ಹೆಂಡತಿ ವಿಮಲಾ ಹಾರನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಾಳೆ. ಬಂದು ಕಾಫಿ ಕುಡಿದು, ಹುರುಳಿಕಾಯಿ ಬಿಡಿಸುತ್ತಾ ಕೂತಳೆಂದರೆ ಬೇಲೂರಿನಿಂದ ಅವಳ ತಂಗಿ ಗಿರಿಜಾಳ ಫೋನು. ಗಿರಿಜಾ ಅಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮೊದಲ ಎರಡು ವಾಕ್ಯ ಕನ್ನಡದಲ್ಲಿ ಸಾಗುತ್ತವೆ: ಊಟ ಆಯ್ತಾ, ಮಳೆ ಬಂತಾ. ಆಮೇಲೆ ಇಬ್ಬರೂ ಯಾವ ಸುಳಿವೂ ಕೊಡದೆ ಬಾಗಿಲು ಹಾಕಿಕೊಂಡು ಒಳಗೆ ಹೋದ ಹಾಗೆ ತಮ್ಮ ಭಾಷೆಗೆ ಹೋಗಿಬಿಡುತ್ತಾರೆ. ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ರೈಲು ಕೂಗಿದಾಗ ಮಾತ್ರ ಮಾತು ನಿಲ್ಲುತ್ತದೆ. ರೈಲು ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಯುತ್ತದೆ. ಈ ಭಾಷೆಗೆ ಅವರಿಟ್ಟ ಹೆಸರು ಜಗಲಿ ಮಾತು. ಗಿರಿಜಾಳ ಗಂಡ, ನನ್ನ ಷಡ್ಡಕ ಪ್ರಕಾಶ, ನನಗಿಂತ ಬುದ್ಧಿವಂತ. "ಭಾಷೆ ಕಲಿತ್ರೆ ಉತ್ತರ ಕೊಡಬೇಕಾಗ್ತದೆ ಕಣ್ರೀ" ಎಂದು ಅವನು ಆ ಕಡೆ ತಲೆಯನ್ನೇ ಹಾಕಲಿಲ್ಲ.

ಜಗಲಿ ಮಾತು ಹುಟ್ಟಿದ್ದು ಹಳೇಬೀಡಿನಲ್ಲಿ, ಅವರ ತವರುಮನೆಯ ಜಗಲಿಯ ಮೇಲೆ. ಹುಟ್ಟಿಗೆ ಕಾರಣ ಗಿರಿಜಾಳ ಕೈ. ಗಿರಿಜಾಳಿಗೆ ಎರಡು ಕೈಯಲ್ಲೂ ಕಿರುಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳಿದೆ. ಅಂದರೆ ಒಟ್ಟು ಹನ್ನೆರಡು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು "ಎರಡು ಕೈ ಎತ್ತಿ, ಬೆರಳು ಎಣಿಸಿ" ಎಂದರಂತೆ. ಎಲ್ಲರೂ ಹತ್ತು ಎಂದರು, ಇವಳು ಹನ್ನೆರಡು ಎಂದಳು. ಮೇಷ್ಟ್ರು ಕೈ ನೋಡಲಿಲ್ಲ, ಉತ್ತರವನ್ನಷ್ಟೇ ಕೇಳಿಸಿಕೊಂಡರು. ಸ್ಕೇಲಿನ ಏಟು ಬಿದ್ದದ್ದು ಆ ಪುಟ್ಟ ಬೆರಳಿನ ಮೇಲೆಯೇ. ಮಕ್ಕಳು ಅವತ್ತಿನಿಂದ ಅವಳನ್ನು "ಏಯ್ ಹನ್ನೆರಡು" ಎಂದು ಕರೆಯತೊಡಗಿದರು. ಮಾರನೆಯ ದಿನ ಗಿರಿಜಾ ಶಾಲೆಗೆ ಹೋಗುವುದಿಲ್ಲ ಎಂದು ಜಗಲಿಯ ಕಂಬ ತಬ್ಬಿಕೊಂಡಳು. ಅಪ್ಪ ಬೈದರು, ಅಮ್ಮ ಬೆಲ್ಲ ಕೊಟ್ಟರು, ಕಂಬ ಬಿಡಲಿಲ್ಲ. ನಾಲ್ಕನೇ ಕ್ಲಾಸಿನ ವಿಮಲಾ ಹತ್ತಿರ ಕೂತು ಹೇಳಿದಳಂತೆ: "ನಿನ್ ಲೆಕ್ಕ ಸರಿಯಾಗೇ ಐತೆ ಕಣೇ. ಅವ್ರಿಗೆ ಬೆರಳು ಕಮ್ಮಿ ಐತೆ, ಅದ್ಕೆ ಹತ್ತಕ್ಕೇ ನಿಂತೋಗ್ತಾರೆ. ನಾವು ಬೇರೆ ಎಣಿಕೆ ಮಾಡ್ಕೊಳ್ಳಣ." ಆ ಬೇರೆ ಎಣಿಕೆಗೆ ಆಮೇಲೆ ಕೈಕಾಲು ಮೂಡಿ, ನಾಮಪದ ಕ್ರಿಯಾಪದ ಎಲ್ಲ ಸೇರಿ ಭಾಷೆಯಾಯಿತು. ಬೇರೆ ಭಾಷೆಗಳಲ್ಲಿ ಮೊದಲು ಮಾತು ಹುಟ್ಟಿ ಆಮೇಲೆ ಲೆಕ್ಕ ಬಂದಿರಬೇಕು. ಇದರಲ್ಲಿ ಮೊದಲು ಲೆಕ್ಕ.

ಲೆಕ್ಕ ಹೇಗೆಂದರೆ, ಎಡಗೈಯ ಬೆರಳುಗಳು ಮಿ, ಪಿ, ಸಾ, ಟೋ, ಡಿ. ಒಂದರಿಂದ ಐದು. ಐದರ ತನಕ ಅಕ್ಕತಂಗಿಯರಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಆಮೇಲೆ ಅಕ್ಕ ಬಲಗೈಗೆ ಹಾರುತ್ತಾಳೆ, ತಂಗಿ ಪುಟ್ಟ ಬೆರಳಿನ ಮೇಲೆ ಒಂದು ಕ್ಷಣ ನಿಂತು ಹೋಗುತ್ತಾಳೆ. ಎರಡು ಕೈಯೂ ಮುಗಿದಾಗ ಬರುವ ಸಂಖ್ಯೆಯ ಹೆಸರು ಗುಮ್ಮ. ಏಟು ಬಿದ್ದದ್ದು ಅಲ್ಲೇ ಆದ್ದರಿಂದ ಆ ಹೆಸರು. ಆದ್ದರಿಂದ ಅಕ್ಕನ ಲೆಕ್ಕದಲ್ಲಿ ಗುಮ್ಮ ಅಂದರೆ ಹತ್ತು, ತಂಗಿಯ ಲೆಕ್ಕದಲ್ಲಿ ಗುಮ್ಮ ಅಂದರೆ ಹನ್ನೆರಡು. ಪಿ ಗುಮ್ಮ, ಅಂದರೆ ಎರಡು ಗುಮ್ಮ, ಅಕ್ಕನಿಗೆ ಇಪ್ಪತ್ತು, ತಂಗಿಗೆ ಇಪ್ಪತ್ತನಾಲ್ಕು. ನಾವು ನೂರು ಅನ್ನುವ ಕಡೆ ಅವರು ಗುಮ್ಮಗುಮ್ಮ ಅನ್ನುತ್ತಾರೆ. ಅದು ಅಕ್ಕನಿಗೆ ಹತ್ತು ಹತ್ತಲ ನೂರು, ತಂಗಿಗೆ ಹನ್ನೆರಡು ಹನ್ನೆರಡಲ ನೂರಾ ನಲವತ್ತನಾಲ್ಕು. ಗಿರಿಜಾ ಬೆಳೆದು ಟೈಲರ್ ಆದದ್ದೂ ಆಕಸ್ಮಿಕವಲ್ಲ ಎಂದು ನನ್ನ ಊಹೆ. ಅಡಿಗೆ ಹನ್ನೆರಡು ಇಂಚು ಎಂದು ಮೊದಲ ಸಲ ಕೇಳಿದಾಗ, "ನೋಡು, ಇಂಗ್ಲಿಷಿನವ್ರಿಗೂ ನನ್ ಥರಾನೇ ಕೈ ಇತ್ತು" ಎಂದು ಅಕ್ಕನಿಗೆ ಹೇಳಿದ್ದಳಂತೆ.

ನಾನು ಹೆಣ್ಣು ನೋಡಲು ಹಳೇಬೀಡಿಗೆ ಹೋದ ದಿನ ಈ ಭಾಷೆ ಮೊದಲ ಸಲ ನನ್ನ ಕಿವಿಗೆ ಬಿತ್ತು. ಉಪ್ಪಿಟ್ಟಿನ ತಟ್ಟೆ ಇಟ್ಟು ಒಳಗೆ ಹೋದ ವಿಮಲಾ ಬಾಗಿಲ ಸಂದಿಯಲ್ಲಿ ತಂಗಿಗೆ ಏನೋ ಹೇಳಿದಳು, ತಂಗಿ ಕಿಸಕ್ಕನೆ ನಕ್ಕಳು. ಮದುವೆಯಾದ ಮೇಲೆ ಕೇಳಿದೆ. "ನಿಮಗೆ ಮಾರ್ಕ್ಸ್ ಕೊಟ್ಟೆ. ಗುಮ್ಮಗುಮ್ಮಕ್ಕೆ ಟೋ ಗುಮ್ಮ" ಎಂದಳು. ಗುಮ್ಮ ಅಂದರೆ ಎಷ್ಟೆಂದು ಕೇಳಿದ್ದಕ್ಕೆ ಎರಡು ಕೈ ಬಿಡಿಸಿ ತೋರಿಸಿದಳು. ನೂರಕ್ಕೆ ನಲವತ್ತು. ಹೆಚ್ಚೇನಲ್ಲ, ಆದರೆ ಪಾಸು. ಪಾಸಾದವನು ಮತ್ತೆ ಪರೀಕ್ಷೆಗೆ ಕೂರಬೇಕಾಗಿಲ್ಲ ಎಂಬ ಧೈರ್ಯದಲ್ಲಿ ನಾನು ಬಹಳ ಕಾಲ ನೆಮ್ಮದಿಯಾಗಿ ಸಂಸಾರ ಮಾಡಿದೆ.

ಈಚೆಗೆ ನನಗೆ ಆ ಭಾಷೆ ಕಲಿಯುವ ಹುಕಿ ಬಂತು. ಕೇಳಿದರೆ ವಿಮಲಾ ಹೇಳಿಕೊಡುತ್ತಿದ್ದಳೇನೋ. ಆದರೆ ಕನ್ನಡ ಉಪನ್ಯಾಸಕನಾಗಿ ಗಣಿತದ ಟೀಚರ ಬಳಿ ಭಾಷೆ ಹೇಳಿಸಿಕೊಳ್ಳುವುದೇ? ಪೇಪರು ಓದುವ ನೆಪದಲ್ಲಿ ಕೂತು ಕದ್ದು ಕೇಳತೊಡಗಿದೆ. ಸಂಖ್ಯೆಗಳು ಬಂದವು. 'ನೊ' ಅಂದರೆ ನಾನು, 'ಲಾಪು' ಅಂದರೆ ಬರುವುದು, ಹೀಗೆ ನಾಲ್ಕಾರು ಪದ ಬಂದವು. ಮಾತಾಡುವವರು ತಮ್ಮ ತಮ್ಮ ಬೆರಳಿನ ಲೆಕ್ಕದಲ್ಲಿ ಹೇಳುತ್ತಾರೆ, ಅಕ್ಕ ಹತ್ತರಲ್ಲಿ, ತಂಗಿ ಹನ್ನೆರಡರಲ್ಲಿ, ಎಂಬ ಸಿದ್ಧಾಂತವನ್ನೂ ಮಾಡಿಕೊಂಡೆ. ಗೌರಿ ಹಬ್ಬದ ಊಟಕ್ಕೆ ಪಿ ಗುಮ್ಮ ಜನ ಎಂದು ವಿಮಲಾ ತಂಗಿಗೆ ಹೇಳುತ್ತಿದ್ದುದು ಕಿವಿಗೆ ಬಿದ್ದದ್ದೇ ತಡ, ಮೆಚ್ಚುಗೆ ಗಳಿಸೋಣವೆಂದು ಯಾರಿಗೂ ಹೇಳದೆ ಮಾರ್ಕೆಟ್ಟಿಗೆ ಹೋಗಿ ಇಪ್ಪತ್ತು ಬಾಳೆಲೆ ತಂದೆ. ನಾಲ್ಕು ಎಲೆ ಕಡಿಮೆ ಬಿತ್ತು. ನಾನು, ಪ್ರಕಾಶ ಮತ್ತು ಇನ್ನಿಬ್ಬರು ಸ್ಟೀಲ್ ತಟ್ಟೆಯಲ್ಲಿ ಹಬ್ಬದೂಟ ಮಾಡಿದೆವು. ವಿಮಲಾ ಪಾಯಸ ಬಡಿಸುತ್ತಾ ತುಟಿಯಲ್ಲೇ ನಕ್ಕಳು. ನಾನು ತಪ್ಪು ಕೇಳಿಸಿಕೊಂಡಿರಬೇಕು, ಸಿದ್ಧಾಂತದಲ್ಲಿ ದೋಷವಿಲ್ಲ ಎಂದು ತೀರ್ಮಾನಿಸಿದೆ. ನಮ್ಮ ವಿದ್ವತ್ತಿನ ಪದ್ಧತಿಯೇ ಅದು.

ಅಷ್ಟರಲ್ಲಿ ನಿಜವಾದ ತೊಂದರೆ ಬಂತು. ಗಿರಿಜಾಳ ಬಲಗೈಯ ಪುಟ್ಟ ಬೆರಳು ಹಿಂದೊಮ್ಮೆ ಅಂಗಡಿಯ ಶಟರ್‌ಗೆ ಸಿಕ್ಕಿ ಜಜ್ಜಿತ್ತು. ಈಗ ಅದು ಆಗಾಗ ಊದಿಕೊಳ್ಳುತ್ತಿತ್ತು, ನೋಯುತ್ತಿತ್ತು, ಕತ್ತರಿ ಹಿಡಿಯಲು ಬಿಡುತ್ತಿರಲಿಲ್ಲ. ಹಾಸನದ ಡಾಕ್ಟರು ನೋಡಿ, ಅದೊಂದು ಬೆರಳನ್ನು ತೆಗೆದುಬಿಡೋಣ, ಹದಿನಾಲ್ಕನೇ ತಾರೀಖು ಬನ್ನಿ ಎಂದರು. ಗಿರಿಜಾ ಅದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದಳು. ವಿಮಲಾ ಹುರುಳಿಕಾಯಿ ಕೆಳಗಿಟ್ಟಳು.

"ತೆಗೆಸೋದಾ? ಯಾರನ್ನ ಕೇಳಿ ಒಪ್ಕೊಂಡೆ?"

ಫೋನು ಸ್ಪೀಕರಿನಲ್ಲಿತ್ತು. "ಯಾರನ್ ಕೇಳ್ಬೇಕು ಅಕ್ಕ? ಬೆರಳು ನಂದು."

"ಅದೇ ಬೆರಳಿಗೋಸ್ಕರ ಊರ ಮಕ್ಕಳ ಜೊತೆಯೆಲ್ಲ ಹೊಡೆದಾಡಿದ್ದೀನಿ ನಾನು."

"ಹೊಡ್ದಾಡಿದ್ದು ನೀನು. ನೋಯ್ತಿರೋದು ನಂಗೆ. ನಿಂಗೆ ನಿನ್ ಲೆಕ್ಕಾನೇ ಹೆಚ್ಚಾಯ್ತಲ್ಲ?"

"ಹಂಗಾದ್ರೆ ತೆಗೆಸ್ಕೋ ಹೋಗು. ನನ್ನ ಕರೀಬೇಡ."

"ಕರ್ಯಲ್ಲ ಬಿಡು."

ಅವರ ಮಾತಿನಲ್ಲಿ ಒಂದಕ್ಷರವೂ ಬಿಡದೆ ನನಗೆ ಅರ್ಥವಾದದ್ದು ಅದೇ ಮೊದಲು. ಇಡೀ ಜಗಳ ಕನ್ನಡದಲ್ಲಿತ್ತು. ಆಮೇಲೆ ಯೋಚಿಸಿದಾಗ ಕಾರಣ ಹೊಳೆಯಿತು: ಜಗಲಿ ಮಾತಿನಲ್ಲಿ ತಮ್ಮತಮ್ಮಲ್ಲೇ ಜಗಳವಾಡಲು ಬೇಕಾದ ಪದಗಳನ್ನು ಅವರು ಮಾಡಿಯೇ ಇರಲಿಲ್ಲ.

ಫೋನು ನಿಂತಿತು. ಸಂಜೆ ಹುರುಳಿಕಾಯಿ ಬಿಡಿಸುವ ಸದ್ದು, ರೈಲಿನ ಕೂಗು, ಇಷ್ಟೇ. ವಿಮಲಾ ಟೆಸ್ಟ್ ಪೇಪರುಗಳನ್ನು ತಿದ್ದುವುದನ್ನು ನೋಡಿದರೆ ಹಾರನಹಳ್ಳಿಯ ಮಕ್ಕಳ ಮೇಲೆ ಕನಿಕರ ಬರುತ್ತಿತ್ತು. ಸಾರಿಗೆ ಒಂದು ದಿನ ಉಪ್ಪಿಲ್ಲ, ಮರುದಿನ ಎರಡು ದಿನದ ಉಪ್ಪು. ಫೋನು ಬಂದಾಗೆಲ್ಲ ಓಡಿ ಬಂದು ಹೆಸರು ನೋಡಿ, ಮುಖ ಸಣ್ಣದು ಮಾಡಿಕೊಂಡು, "ನಿಮ್ಮ ಪ್ರಿನ್ಸಿಪಾಲ್ರು ನನಗ್ಯಾಕ್ರೀ ಮಾಡ್ತಾರೆ?" ಎಂದು ನನ್ನ ಮೇಲೆ ಹರಿಹಾಯುತ್ತಿದ್ದಳು. ಅತ್ತ ಪ್ರಕಾಶ ನನಗೆ ಗುಟ್ಟಾಗಿ ಫೋನು ಮಾಡಿ, "ಇಲ್ಲೂ ಅಷ್ಟೇ ಕಣ್ರೀ. ಯಾರದೋ ಬ್ಲೌಸಿಗೆ ಎರಡೂ ಎಡಗೈ ತೋಳೇ ಇಟ್ಬಿಟ್ಟವ್ಳೆ" ಎಂದ. ನನಗೆ ಅರ್ಥವಾಗದ ಆ ಗುಲುಗುಲು ಇಲ್ಲದೆ ಮನೆ ಇಷ್ಟು ಖಾಲಿಯಾಗುತ್ತದೆಂದು ನಾನು ಎಣಿಸಿರಲಿಲ್ಲ. ತಾರೀಖು ಹತ್ತಿರ ಬರುತ್ತಿತ್ತು. "ಹೋಗಲ್ವಾ?" ಎಂದರೆ "ಕರೀಲಿ" ಎನ್ನುತ್ತಿದ್ದಳು. ಅತ್ತ ಕೇಳಿದರೆ "ಬರ್ಲಿ" ಎನ್ನುತ್ತಿದ್ದಳಂತೆ.

ಆಗ ನನ್ನ ವಿದ್ಯೆಯನ್ನು ಲೋಕಕಲ್ಯಾಣಕ್ಕೆ ಬಳಸುವ ಯೋಚನೆ ಬಂತು. ಭಾನುವಾರ ಬೆಳಿಗ್ಗೆ ವಿಮಲಾ ಸ್ನಾನಕ್ಕೆ ಹೋದಾಗ ಅವಳ ಮೊಬೈಲು ಚಾರ್ಜಿಗೆ ಹಾಕಿತ್ತು. ಅದನ್ನು ತೆಗೆದು ಗಿರಿಜಾಳಿಗೆ ಒಂದು ಮೆಸೇಜು ಬರೆದೆ: "ನೊ ಲಾಪು ಮಿ ಗುಮ್ಮ ಟೋ." ನಾನು ಬರುತ್ತೇನೆ, ಒಂದು ಗುಮ್ಮ ನಾಲ್ಕಕ್ಕೆ. ಬರೆಯುತ್ತಿರುವುದು ವಿಮಲಾ ಹೆಸರಿನಲ್ಲಿ, ವಿಮಲಾಳ ಬೆರಳು ಹತ್ತು, ಹತ್ತು ಮತ್ತು ನಾಲ್ಕು ಹದಿನಾಲ್ಕು. ಎರಡೆರಡು ಸಲ ಲೆಕ್ಕ ಹಾಕಿಯೇ ಕಳಿಸಿದೆ. ತಂಗಿ ಕರಗಿ ಫೋನು ಮಾಡುತ್ತಾಳೆ, ಅಕ್ಕ ಕರಗಿ ಎತ್ತುತ್ತಾಳೆ, ಮೆಸೇಜು ಯಾರದೆಂದು ಆ ಅಳುವಿನಲ್ಲಿ ಯಾರು ಕೇಳುತ್ತಾರೆ? ಆ ಧೈರ್ಯದ ಮೇಲೆ ಪೇಪರು ಹಿಡಿದು ಕೂತೆ.

ಫೋನು ಬರಲಿಲ್ಲ. ಮಧ್ಯಾಹ್ನ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಗೇಟು ಸದ್ದಾಯಿತು. ಹಳೇಬೀಡಿನ ಮೇಲೆ ಬರುವ ಬಸ್ಸು ಹಿಡಿದು ಗಿರಿಜಾಳೇ ಬಂದಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಮೊಬೈಲಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಇದೇನಕ್ಕ ಹಿಂಗ್ ಬರ್ದಿದ್ದೀಯ?"

"ಏನು ಬರೆದಿದ್ದೀನಿ?" ಎಂದಳು ವಿಮಲಾ.

"ನನ್ ಲೆಕ್ಕದಲ್ಲಿ ಓದ್ಕೊಂಡ್ರೆ ಹದಿನಾರು. ಎಲ್ಲಾ ಮುಗ್ದ್ ಮೇಲೆ, ಮೂಸಂಬಿ ಹಿಡ್ಕೊಂಡು ನೆಂಟ್ರ ಥರ ಬತ್ತೀಯಾ? ಇಲ್ಲ ನಿನ್ ಲೆಕ್ಕದಲ್ಲಿ ಹದಿನಾಲ್ಕು ಅಂತ ಬರ್ದಿದ್ರೆ..." ಗಿರಿಜಾ ಮೊಬೈಲನ್ನು ಅಕ್ಕನ ಮುಂದೆ ಚಾಚಿದಳು. "ನಲವತ್ತು ವರ್ಷದಲ್ಲಿ ಒಂದ್ ಸಲಾನಾದ್ರೂ ನಂಗೆ ನಿನ್ ಬೆರಳಲ್ಲಿ ಲೆಕ್ಕ ಹೇಳಿದ್ದೀಯಾ ಅಕ್ಕ? ಬೆರಳು ತೆಗ್ಯಕ್ಕೆ ಮುಂಚೇನೇ ನನ್ ಲೆಕ್ಕ ತೆಗ್ದಾಕ್ ಬಿಟ್ಯಾ?"

ನನ್ನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಆ ಕ್ಷಣದಲ್ಲಿ ನನ್ನ ಸಿದ್ಧಾಂತದ ಬುಡವೇ ಕಿತ್ತು ಬಂತು. ಮಾತಾಡುವವರು ತಮ್ಮ ಬೆರಳಿನಲ್ಲಿ ಎಣಿಸುತ್ತಾರೆ ಎಂದು ನಾನು ತಿಳಿದಿದ್ದೆ. ಜಗಲಿ ಮಾತಿನ ಮೊದಲನೆಯ ನಿಯಮವೇ ಬೇರೆ. ಕೇಳುವವರ ಬೆರಳಿನಲ್ಲಿ ಎಣಿಸಬೇಕು. ಅಕ್ಕ ತಂಗಿಗೆ ಹೇಳುವಾಗ ಹನ್ನೆರಡರ ಲೆಕ್ಕದಲ್ಲಿ ಹೇಳುತ್ತಾಳೆ, ತಂಗಿ ಅಕ್ಕನಿಗೆ ಹೇಳುವಾಗ ಹತ್ತರ ಲೆಕ್ಕದಲ್ಲಿ. ಲೆಕ್ಕ ಬದಲಾಯಿಸುವ ಕಷ್ಟ ಯಾವಾಗಲೂ ಹೇಳುವವರದು. ಆ ಜಗಲಿಯ ಮೇಲೆ ಮೊದಲ ದಿನವೇ ಆದ ಒಪ್ಪಂದವಂತೆ ಅದು, ಅವತ್ತಿನಿಂದ ಇವತ್ತಿನ ತನಕ ಒಂದು ಸಲವೂ ಮುರಿದಿರಲಿಲ್ಲ. ಮುರಿದವನು ನಾನು.

ವಿಮಲಾ ಮೊಬೈಲು ಇಸಕೊಂಡು ಓದಿದಳು. "ಇದನ್ನ ನಾನು ಬರೆದಿಲ್ಲ ಕಣೇ" ಎಂದಳು. ಆಮೇಲೆ ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

"ರೀ!"

"ಒಳ್ಳೇದಾಗಲಿ ಅಂತ..." ಎಂದೆ.

"ಭಾವ, ನೀವಾ? ನಿಮಗೆ ಗುಮ್ಮ ಯಾರ್ ಹೇಳ್ಕೊಟ್ರು?"

ಆಮೇಲೆ ಬಿದ್ದ ಬೈಗುಳದ ವಿವರ ಬೇಡ. ವಿಮಲಾ ಒಂದು ಅಂದರೆ ಗಿರಿಜಾ ಅದಕ್ಕೊಂದು ಸೇರಿಸುತ್ತಿದ್ದಳು. ಬೈಯುತ್ತಾ ಬೈಯುತ್ತಾ, ಯಾವ ಮಾತಿನಲ್ಲಿ ಎಂದು ಹೇಳಲಾರೆ, ಇಬ್ಬರೂ ಕನ್ನಡ ಬಿಟ್ಟು ಜಗಲಿ ಮಾತಿಗೆ ದಾಟಿಬಿಟ್ಟಿದ್ದರು. ನನ್ನನ್ನು ಕುರಿತ ಅಷ್ಟು ದೀರ್ಘವಾದ ಉಪನ್ಯಾಸದಲ್ಲಿ ನನಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಸಂಖ್ಯೆ. ಆದರೂ ಹಾಯೆನಿಸಿತು. ಬೈಸಿಕೊಳ್ಳುತ್ತಲೇ ಇನ್ನೊಂದು ಲೆಕ್ಕವೂ ತಲೆಯಲ್ಲಿ ಓಡಿತು. ಹೆಣ್ಣು ನೋಡಿದ ದಿನ ವಿಮಲಾ ನನ್ನ ಮಾರ್ಕ್ಸ್ ಹೇಳಿದ್ದು ತಂಗಿಗೆ. ಅಂದರೆ ತಂಗಿಯ ಲೆಕ್ಕದಲ್ಲಿ. ನಾಲ್ಕು ಗುಮ್ಮ ನಲವತ್ತೆಂಟು, ಗುಮ್ಮಗುಮ್ಮ ನೂರಾ ನಲವತ್ತನಾಲ್ಕು. ನೂರಕ್ಕೆ ಮೂವತ್ಮೂರು. ನಾನು ಫೇಲಾಗಿದ್ದೆ! ಇಷ್ಟು ವರ್ಷ ಗ್ರೇಸ್ ಮಾರ್ಕ್ಸಿನ ಮೇಲೆ ಸಂಸಾರ ನಡೆದಿದೆ.

ಬೈದು ಸುಸ್ತಾದ ಮೇಲೆ ವಿಮಲಾ ತಂಗಿಯ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಪುಟ್ಟ ಬೆರಳು ಮಾಗಿದ ಬುಗುರಿ ಹಣ್ಣಿನ ಹಾಗೆ ಕೆಂಪಗೆ ಊದಿತ್ತು. ಫೋನಿನಲ್ಲಿ ನೋವು ಕೇಳಿಸುತ್ತದೆ, ಕಾಣಿಸುವುದಿಲ್ಲ. ವಿಮಲಾ ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಇಷ್ಟೊಂದು ಇತ್ತಾ?" ಎಂದಳು.

"ಹೂಂ."

"ತೆಗೆಸಿಬಿಡೋಣ ಕಣೇ."

"ನಂಗೂ ಹೆದ್ರಿಕೆ ಐತೆ ಅಕ್ಕ. ನೀನು ಬೇಡ ಅಂದಿದ್ದಕ್ಕೆ ತೆಗ್ಸೇ ತೆಗಸ್ತೀನಿ ಅಂತ ಹಟಕ್ಕೆ ಬಿದ್ಬಿಟ್ಟೆ" ಎಂದು ಗಿರಿಜಾ ಅತ್ತಳು. ನಾನು ಎದ್ದು ಕಾಫಿ ಮಾಡಲು ಹೋದೆ. ಅಂಥ ಹೊತ್ತಿನಲ್ಲಿ ಗಂಡಸಿಗೆ ಅಡುಗೆಮನೆ ದೊಡ್ಡ ಆಸರೆ. ಸಕ್ಕರೆ ಎಷ್ಟು ಚಮಚ ಎಂದು ಮಾತ್ರ ಕೇಳಲಿಲ್ಲ.

ಹದಿನಾಲ್ಕನೇ ತಾರೀಖು ನಾಲ್ವರೂ ಹಾಸನದ ಆಸ್ಪತ್ರೆಯಲ್ಲಿದ್ದೆವು. ಕೈಯಷ್ಟಕ್ಕೇ ಮರಗಟ್ಟಿಸಿ ಮಾಡುವ ಸಣ್ಣ ಆಪರೇಷನ್ನು ಎಂದು ಡಾಕ್ಟರು ಹೇಳಿದ್ದರೂ ವಿಮಲಾ ಕಾರಿಡಾರಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ತುಟಿ ಆಡಿಸುತ್ತಾ ಕೂತಿದ್ದಳು. ಸ್ತೋತ್ರ ಇರಬೇಕೆಂದು ನಾನೂ ಪ್ರಕಾಶನೂ ಗೌರವದಿಂದ ದೂರ ನಿಂತೆವು. ಪ್ರಕಾಶ ಪಿಸುಗುಟ್ಟಿದ: "ಇನ್ನು ಮೇಲೆ ಬೇಲೂರಿನ ಹೆಂಗಸರ ಬ್ಲೌಸೆಲ್ಲ ಒಂದಿಂಚು ಬಿಗಿ ಆಗ್ತಾವೇನೋ ಕಣ್ರೀ." ತಮಾಷೆ ಮಾಡಿದನೇ ಹೊರತು ಖಾಲಿ ಟೀ ಲೋಟವನ್ನೇ ಮತ್ತೆ ಮತ್ತೆ ಬಾಯಿಗೆ ಎತ್ತುತ್ತಿದ್ದ.

ಗಿರಿಜಾಳನ್ನು ವಾರ್ಡಿಗೆ ತಂದರು. ಬಲಗೈಗೆ ದಪ್ಪ ಬ್ಯಾಂಡೇಜು. ಅವಳು ಅದನ್ನೇ ನೋಡುತ್ತಾ, ಒಳಗೆ ಏನೇನು ಉಳಿದಿದೆಯೋ ಎಂಬಂತೆ ಸುಮ್ಮನೆ ಮಲಗಿದ್ದಳು. ವಿಮಲಾ ಮಂಚದ ಪಕ್ಕ ಕೂತು ಹೇಳಿದಳು: "ಇವತ್ತು ತಾರೀಖು ಮಿ ಗುಮ್ಮ ಸಾ."

ಒಂದು ಗುಮ್ಮ ಮೂರು. ಗಿರಿಜಾ ಹುಬ್ಬು ಗಂಟಿಕ್ಕಿದಳು. ಹತ್ತರಲ್ಲಾದರೆ ಹದಿಮೂರು, ಹನ್ನೆರಡರಲ್ಲಾದರೆ ಹದಿನೈದು. ಎರಡೂ ತಪ್ಪು. ಅಕ್ಕ ಲೆಕ್ಕ ತಪ್ಪುವವಳಲ್ಲ. ಎಡಗೈ ನೋಡಿಕೊಂಡಳು, ಆರು. ಬ್ಯಾಂಡೇಜು ನೋಡಿಕೊಂಡಳು, ಐದು. ಒಟ್ಟು ಹನ್ನೊಂದು, ಅದರ ಮೇಲೆ ಮೂರು. ಅವಳ ಮುಖ ಒಮ್ಮೆಗೇ ಅರಳಿತು, ಕಣ್ಣಲ್ಲಿ ನೀರು ಬಂತು.

"ಹನ್ನೊಂದರ ಲೆಕ್ಕ! ಯಾವಾಗ ಕಲ್ತೆ ಅಕ್ಕ?"

"ಬಸ್ಸಲ್ಲಿ ಹೋಗ್ತಾ ಬರ್ತಾ ಮಗ್ಗಿ ಬಾಯಿಪಾಠ ಮಾಡ್ತಿದ್ದೀನಿ ಕಣೇ. ಈಗಲೂ ಹೊರಗೆ ಅದನ್ನೇ ಮಾಡ್ತಿದ್ದೆ. ಹನ್ನೆರಡಾಗಿದ್ರೆ ಅರ್ಧ ಬೇಕಂದ್ರೆ ಅರ್ಧ, ಕಾಲು ಬೇಕಂದ್ರೆ ಕಾಲು ಕೊಡ್ತಿತ್ತು. ಈ ಹನ್ನೊಂದು ಗಂಟುಮೋರೆ ಸಂಖ್ಯೆ. ಯಾವುದಕ್ಕೂ ಭಾಗ ಹೋಗಲ್ಲ."

"ಹಂಗಾದ್ರೆ ನನ್ ಥರಾನೇ" ಎಂದಳು ಗಿರಿಜಾ.

ಗಾಯ ಮಾಯಿತು. ಗಿರಿಜಾ ಮತ್ತೆ ಕತ್ತರಿ ಹಿಡಿದಿದ್ದಾಳೆ. ಸಂಜೆಯ ಫೋನು ಮತ್ತೆ ಶುರುವಾಗಿದೆ, ಮೊದಲಿಗಿಂತ ಸ್ವಲ್ಪ ನಿಧಾನವಾಗಿ, ಏಕೆಂದರೆ ಅಕ್ಕ ಈಗ ಪ್ರತಿ ಸಂಖ್ಯೆಗೂ ಮುಂಚೆ ಹುರುಳಿಕಾಯಿ ಹಿಡಿದು ಒಂದು ಕ್ಷಣ ಯೋಚಿಸಬೇಕು. ಕದ್ದು ಕಲಿತು ಅನಾಹುತ ಮಾಡುವುದಕ್ಕಿಂತ ಕೇಳಿ ಕಲಿಯುವುದು ಮೇಲು ಎಂದು ಇಬ್ಬರೂ ಸೇರಿ ತೀರ್ಮಾನಿಸಿ, ನನ್ನನ್ನು ಅಧಿಕೃತವಾಗಿ ಶಿಷ್ಯನನ್ನಾಗಿ ಸ್ವೀಕರಿಸಿದ್ದಾರೆ. ಭಾನುವಾರ ವಿಮಲಾ ಪಾಠ ಮಾಡುತ್ತಾಳೆ, ಗಿರಿಜಾ ಫೋನಿನಲ್ಲಿ ಪರೀಕ್ಷೆ ತೆಗೆದುಕೊಳ್ಳುತ್ತಾಳೆ. ನಾನು ಶ್ರದ್ಧಾವಂತ ವಿದ್ಯಾರ್ಥಿ. ನಡೆಯುವಾಗ, ಕ್ಷೌರ ಮಾಡಿಕೊಳ್ಳುವಾಗ, ಕಾಲೇಜಿನ ಮೆಟ್ಟಿಲು ಹತ್ತುವಾಗ ಬಾಯಲ್ಲಿ ಅದೇ.

ಆ ಶ್ರದ್ಧೆಯೇ ಮುಳುವಾಯಿತು. ಮೊನ್ನೆ ಕ್ಲಾಸಿನಲ್ಲಿ ಹಾಜರಿ ಮುಗಿಸಿ, ಪುಸ್ತಕ ತೆರೆದು, "ಎಲ್ಲರೂ ಪುಟ ಪಿ ಗುಮ್ಮ ಸಾ ತೆಗೀರಿ" ಎಂದೆ. ಇಪ್ಪತ್ಮೂರು ಅನ್ನಬೇಕಿತ್ತು. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅದು ಹಳೆಗನ್ನಡನಾ ಸರ್?" ಎಂದು ಕೇಳಿದಳು. ನಾನು ನಿಜ ಹೇಳಬಹುದಿತ್ತು. ಆದರೆ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. "ಹೌದಮ್ಮ" ಎಂದೆ. ಅಷ್ಟೂ ತಲೆಗಳು ಬಗ್ಗಿ ನೋಟ್ಸಿನಲ್ಲಿ ಬರೆದುಕೊಂಡವು. ಅವಳು ಕೂರಲಿಲ್ಲ.

"ಸರ್, ಗುಮ್ಮ ತತ್ಸಮನಾ, ತದ್ಭವನಾ?"

ತದ್ಭವ ಎಂದೆ.